ಲಾರಿ ಹೊರಡುವ ಮೊದಲು ದಾರಿಯ ಲೆಕ್ಕ
(ರೈತರ ಸಭೆಯೊಂದರಲ್ಲಿ ಆಡಿದ ಮಾತು)



ಈರುಳ್ಳಿಯ ಬೆಲೆ ನಿಮ್ಮ ಕೈಯಲ್ಲಿಲ್ಲ. ಬೆಳೆಯೋದು ನೀವು, ಬೆಲೆ ಕೂಗೋದು ಇನ್ಯಾರೋ. ಹೋಗಲಿ, ಲಾರಿ ಬಾಡಿಗೆಯ ಲೆಕ್ಕವನ್ನಾದರೂ ಎಂದಾದರೂ ಕೇಳಿದ್ದೀರಾ? ಅವನು ಚೀಟಿಯಲ್ಲಿ ಬರೆದಷ್ಟು ಕಿಲೋಮೀಟರು, ನೀವು ಎಣಿಸಿಕೊಟ್ಟಷ್ಟು ನೋಟು. ಇವತ್ತು ಆ ಚೀಟಿಯ ವಿಚಾರ ಹೇಳೋಕೆ ನಿಂತಿದ್ದೇನೆ.

ಹೋದ ವರ್ಷ ನಾವು ಮೂವರು ಕೂಡಿ ಚಳ್ಳಕೆರೆ ಕಡೆಯಿಂದ ಯಶವಂತಪುರ ಮಾರುಕಟ್ಟೆಗೆ ಒಂದೇ ಲಾರಿಯಲ್ಲಿ ಈರುಳ್ಳಿ ಕಳಿಸಿದೆವು. ಹೋಗಿಬರಲು 490 ಕಿಲೋಮೀಟರು ಅಂತ ಚೀಟಿ ಬಂತು. ಮಗ ಫೋನಿನಲ್ಲಿ ಗೂಗಲ್ ಮ್ಯಾಪ್ ತೆಗೆದು ನೋಡಿದ: 410. ನಾನು ಟವೆಲ್ ಕೊಡವಿ ಜಗಳಕ್ಕೇ ಹೊರಟೆ. ಅವನು ತಡೆದು, "ಅಪ್ಪಾ, ಮೂರು ಹೊಲ ಸುತ್ತಿದ್ದನ್ನ ಯಾರು ಲೆಕ್ಕ ಹಾಕ್ತಾರೆ?" ಅಂದ. ಹೊಲಗಳನ್ನೂ ದಾರಿಯಲ್ಲಿ ಸೇರಿಸಿ ನೋಡಿದರೆ 452 ಬಂತು. ಅಂದರೆ 42 ಕಿಲೋಮೀಟರು ಲಾರಿಯವನ ನ್ಯಾಯ, 38 ನಮ್ಮ ನ್ಯಾಯ. ಫೋನು ಮುಂದಿಟ್ಟು ಮಾತಾಡಿದ ಮೇಲೆ ಆ 38ರ ಬಾಡಿಗೆ ವಾಪಸ್ಸು ಬಂತು.

ಹೊಲ ಸೇರಿಸೋದು ಹೇಗೆ ಅಂತೀರಾ? ನಕ್ಷೆಯ ಮೇಲೆ ನಿಮ್ಮ ಹೊಲ ಇರುವ ಜಾಗದಲ್ಲಿ ಬೆರಳು ಒತ್ತಿ ಹಿಡಿಯಿರಿ, ಕೆಂಪು ಗುರುತು ಬೀಳುತ್ತದೆ. ಅದನ್ನು ವಾಟ್ಸಾಪಿನಲ್ಲಿ ಜೊತೆಗಾರರಿಗೂ ಡ್ರೈವರಿಗೂ ಕಳಿಸಬಹುದು. ದಾರಿ ಕೇಳಿದ ಮೇಲೆ ಮೂಲೆಯ ಮೂರು ಚುಕ್ಕಿ ಒತ್ತಿದರೆ 'ಆಡ್ ಸ್ಟಾಪ್' ಅಂತ ಇರುತ್ತದೆ. ಹೀಗೆ 9 ಕಡೆ ನಿಲ್ಲಿಸಬಹುದು. ಒಂದು ಮಾತು ನೆನಪಿರಲಿ. ಯಾವ ಹೊಲ ಮೊದಲು, ಯಾವುದು ಆಮೇಲೆ ಅನ್ನೋದನ್ನ ಅದು ತಾನಾಗಿ ಯೋಚಿಸುವುದಿಲ್ಲ. ನೀವು ಕೊಟ್ಟ ಸರದಿಯಲ್ಲೇ ಸುತ್ತಿಸುತ್ತದೆ. ಹೆಸರುಗಳನ್ನು ಮೇಲೆ ಕೆಳಗೆ ಎಳೆದು ನೋಡಿ, ಪ್ರತಿಸಲವೂ ಕಿಲೋಮೀಟರು ಬದಲಾಗುತ್ತದೆ. ಕಂಪ್ಯೂಟರಿನಲ್ಲಾದರೆ ನೀಲಿ ಗೆರೆಯನ್ನೇ ಹಿಡಿದು ನಿಮಗೆ ಬೇಕಾದ ರಸ್ತೆಗೆ ಎಳೆಯಬಹುದು. ಫೋನಿನಲ್ಲಿ ಆ ಸೌಕರ್ಯ ಇಲ್ಲ. ಅಲ್ಲಿ ನಿಮ್ಮ ರಸ್ತೆಯ ಮೇಲಿನ ಒಂದು ಊರನ್ನೇ ನಿಲ್ದಾಣವಾಗಿ ಹಾಕಿಬಿಡಿ.

ಇನ್ನು ಟೋಲು. 'ಅವಾಯ್ಡ್ ಟೋಲ್ಸ್' ಒತ್ತಿದ ಕೂಡಲೇ ದುಡ್ಡು ಉಳಿಯಿತು ಅಂತ ಹಿಗ್ಗಬೇಡಿ. ಶಿರಾದಿಂದ ತುಮಕೂರು ಹೆದ್ದಾರಿ ಬಿಟ್ಟು ಮಧುಗಿರಿ ಕಡೆ ತಿರುಗಿದಿರಿ, 20 ಕಿಲೋಮೀಟರು ಹೆಚ್ಚಾಯಿತು ಎಂದಿಟ್ಟುಕೊಳ್ಳಿ. ಲೀಟರಿಗೆ 5 ಕಿಲೋಮೀಟರು ಓಡುವ ಲಾರಿಗೆ ಅದು 4 ಲೀಟರು ಡೀಸೆಲು. ಆ 4 ಲೀಟರಿನ ಬೆಲೆ, ಉಳಿದ ಟೋಲು, ಎರಡನ್ನೂ ಒಂದೇ ಚೀಟಿಯಲ್ಲಿ ಬರೆದು ನೋಡಿ. ಲಾರಿಯ ಟೋಲು ಬೇರೆ, ಕಾರಿನ ಟೋಲು ಬೇರೆ ಅನ್ನೋದೂ ಗಮನದಲ್ಲಿರಲಿ.

ಯಾಕಂದರೆ ಈ ನಕ್ಷೆ ನಮ್ಮ ಲಾರಿಗಾಗಿ ಆದದ್ದಲ್ಲ ಸ್ವಾಮಿ. 2005ರಲ್ಲಿ ಶುರುವಾದದ್ದು ಅಮೆರಿಕದಲ್ಲಿ. ನಮ್ಮ ದೇಶದ ಬೈಕಿನವರಿಗೆ ಅಂತ ಬೇರೆ ದಾರಿ ಕೊಟ್ಟದ್ದು 2017ರಲ್ಲಿ. ಲಾರಿಗೆ ಇನ್ನೂ ಇಲ್ಲ. ನಿಮ್ಮ ಹೊರೆಯ ತೂಕ, ರೈಲ್ವೆ ಕೆಳಸೇತುವೆಯ ಎತ್ತರ, ಬೆಂಗಳೂರೊಳಗೆ ಭಾರಿ ಗಾಡಿಗಳನ್ನು ಬಿಡದ ಹೊತ್ತು, ಇದೆಲ್ಲ ಅದರ ಲೆಕ್ಕಕ್ಕಿಲ್ಲ. ಅದು ಹುಡುಕೋದು ಅವಸರದಲ್ಲಿರುವ ಕಾರಿನವನ ದಾರಿ. ಕಾರಿನವರಿಗಾದರೂ ಪೂರಾ ನಂಬಿಕೆ ಉಂಟೇ? 2024ರ ನವೆಂಬರಿನಲ್ಲಿ ಉತ್ತರಪ್ರದೇಶದ ಬರೇಲಿಯ ಹತ್ತಿರ ಫೋನು ತೋರಿಸಿದ ದಾರಿ ಹಿಡಿದು ಹೋದ ಕಾರು, ಪ್ರವಾಹದಲ್ಲಿ ಒಂದು ಭಾಗ ಕೊಚ್ಚಿಹೋಗಿದ್ದ ಸೇತುವೆಯಿಂದ ರಾಮಗಂಗಾ ನದಿಗೆ ಬಿತ್ತು. ಮೂವರು ಸತ್ತರು. ಮುರಿದ ಸೇತುವೆಗೆ ಅಡ್ಡ ಹಾಕದವರ ತಪ್ಪೂ ಅದರಲ್ಲಿತ್ತು, ಆ ಮಾತು ಬೇರೆ. ಹಳ್ಳದ ಸೇತುವೆ ಗಟ್ಟಿಯಿದೆಯೋ ಇಲ್ಲವೋ ಅನ್ನೋದನ್ನ ಆ ಊರಿನವರನ್ನೇ ಕೇಳಿ.

ಹಳ್ಳಿಯಲ್ಲಿ ಸಿಗ್ನಲ್ ಸಿಗೋದಿಲ್ಲ ಅನ್ನುವವರು, ಪೇಟೆಗೆ ಹೋದಾಗ ನಿಮ್ಮ ತಾಲ್ಲೂಕಿನ ನಕ್ಷೆಯನ್ನು ಫೋನಿಗೆ ಇಳಿಸಿಕೊಂಡು ಬನ್ನಿ. ಬಾಡಿಗೆ ಕುದುರಿಸುವ ಮೊದಲೇ, ಮೂಟೆ ಹೊಲಿಯುವ ಹಿಂದಿನ ಸಂಜೆ, ಮನೆಯಲ್ಲಿ ಕೂತು ಕಿಲೋಮೀಟರು ಬರೆದಿಟ್ಟುಕೊಳ್ಳಿ. ಗುರುತು ಹಾಕೋಕೆ ಬಾರದವರು ಊಟ ಆದಮೇಲೆ ಆ ಹುಣಸೆಮರದ ಕೆಳಗೆ ಬನ್ನಿ, ಮಗ ಅಲ್ಲೇ ಇರ್ತಾನೆ.