ಮೆಷಿನ್‌ಗೆ ಸಾಲ ಸಿಗುತ್ತೆ, ಕಲಿಯೋದಕ್ಕೆ?

(ನಮ್ಮ ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಈ ವರ್ಷ ಸಂಘದಿಂದ ಸಾಲದ ಅರ್ಜಿ ತುಂಬಿಸಿಕೊಡೋ ಕೆಲಸ ಶುರು ಮಾಡಿದೀವಿ. ಒಳ್ಳೇ ಕೆಲಸ. ಆದರೆ ಆ ಅರ್ಜಿಗಳಲ್ಲಿ ಒಂದು ಖರ್ಚು ಬಿಟ್ಟುಹೋಗ್ತಾ ಇದೆ. ಅದನ್ನ ಹೇಳೋದಕ್ಕೇ ನಾನು ಇಲ್ಲಿ ನಿಂತಿರೋದು.

ನಮ್ಮ ಸೋದರಮಾವ ಮಂಗಳವಾರದ ಕಾರಿಮಂಗಲಂ ಸಂತೆಯಲ್ಲಿ ಚಪ್ಪಲಿ ಹರಡಿಕೊಂಡು ಕೂರೋದನ್ನ ನೀವೆಲ್ಲ ನೋಡಿದೀರ. ಕೈಯಲ್ಲೇ ಹೊಲಿದರೆ ದಿನಕ್ಕೆ ನಾಲ್ಕು ಜೊತೆ. ತೊಗಲು, ಅಟ್ಟೆ, ದಾರ ಎಲ್ಲಾ ಕಳೆದು ಜೊತೆಗೆ 120 ರೂಪಾಯಿ ಉಳಿಯುತ್ತೆ. ಎರಡು ವರ್ಷದ ಹಿಂದೆ ಸಾಲ ಮಾಡಿ ಹೊಲಿಗೆ ಮೆಷಿನ್ ತಂದರು. ತಿಂಗಳಿಗೆ 1,800 ರೂಪಾಯಿ ಕಂತು. ಮೆಷಿನ್ ಮಾರಿದವರ ಕಡೆಯ ಹುಡುಗ ಬಂದ, ಅರ್ಧ ಗಂಟೆ ಓಡಿಸಿ ತೋರಿಸಿದ, ಇಂಗ್ಲಿಷಿನ ಪುಸ್ತಕ ಒಂದು ಕೊಟ್ಟ, ಹೋದ. ಅತ್ತೆ ಕೊಟ್ಟ ನೀರನ್ನೂ ಕುಡೀಲಿಲ್ಲ.

ಮೊದಲ ವಾರ ನಾಲ್ಕು ಜೊತೆ ಆಗೋ ಕಡೆ ಎರಡಾಯ್ತು. ಸೂಜಿ ಮುರೀತು, ಪಟ್ಟಿ ಕೆಟ್ಟವು. ಸಂತೆ ಹತ್ತಿರ ಬಂದ ಹಾಗೆ ಮಾವನಿಗೆ ಭಯ. ಮತ್ತೆ ಉಳಿ, ದಬ್ಬಳ ಹಿಡಿದು ಕೂತರು. ಮೆಷಿನ್ ಮೇಲೆ ಗೋಣಿಚೀಲ ಬಿತ್ತು. ಏಳು ತಿಂಗಳು ಹಾಗೇ ಇತ್ತು. ಏಳು ತಿಂಗಳ ಕಂತು 12,600 ರೂಪಾಯಿ ಗೋಣಿಚೀಲಕ್ಕೆ ಕಟ್ಟಿದ ಬಾಡಿಗೆ ಅಂತ ನಾನು ತಮಾಷೆ ಮಾಡ್ತಿದ್ದೆ. ಮಾವ ನಗ್ತಿರಲಿಲ್ಲ. ಒಂದು ದಿನ ಅವರೇ ಅಂದರು: "ಮೂವತ್ತು ವರ್ಷದ ಕೈ ಕಣಪ್ಪ ಇದು. ಮೆಷಿನ್ ಮುಂದೆ ಕೂತರೆ ನಾನು ಹೊಸದಾಗಿ ಸೇರಿದ ಹುಡುಗನ ಥರ ಆಗ್ತೀನಿ." ಸೋಮಾರಿತನ ಅಂತ ನಾವು ಅಂದುಕೊಂಡಿದ್ದು ಸೋಮಾರಿತನ ಅಲ್ಲ, ನಾಚಿಕೆ.

ಆಮೇಲೆ ಆಂಬೂರಿನ ಶೂ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ನಮ್ಮ ಚಿಕ್ಕಪ್ಪನ್ನ ಕರೆಸಿದೆವು. ಹನ್ನೆರಡು ದಿನ ಜೊತೇಲೇ ಕೂತು ನಮ್ಮ ಮಾತಲ್ಲೇ ಕಲಿಸಿದರು. ಸಂಬಂಧಿಕರಾದರೂ ದಿನಗೂಲಿ ಕೊಟ್ಟೆವು, ಕೊಡಲೇಬೇಕು. ದಿನಕ್ಕೆ 600ರಂತೆ 7,200. ಆ ದಿನಗಳಲ್ಲಿ ಎರಡೆರಡು ಜೊತೆ ಕಮ್ಮಿ ಆಯ್ತಲ್ಲ, ಅದರ ನಷ್ಟ 2,880. ಒಟ್ಟು 10,080 ರೂಪಾಯಿ. "ಮೆಷಿನ್ ಸಾಲದ ಮೇಲೆ ಇದು ಬೇರೆನಾ?" ಅಂತ ಮನೇಲಿ ಜಗಳವೇ ಆಯ್ತು.

ಈಗ ದಿನಕ್ಕೆ ಏಳು ಜೊತೆ ಹೊಲೀಬಹುದು. ಹೊಲಿದದ್ದೆಲ್ಲ ಮಾರಾಟ ಆಗಲ್ಲ, ಸುಳ್ಳು ಲೆಕ್ಕ ಹೇಳಬಾರದು. ತಿಂಗಳಿಗೆ ಸುಮಾರು ಮೂವತ್ತು ಜೊತೆ ಹೆಚ್ಚಿಗೆ ಹೋಗುತ್ತೆ. ಅಂದರೆ 3,600 ರೂಪಾಯಿ. ಕಲಿಯೋದಕ್ಕೆ ಹಾಕಿದ ದುಡ್ಡು ಮೂರು ತಿಂಗಳೊಳಗೆ ವಾಪಸ್ ಬಂತು. ಕಂತು ಅಂತೂ ಕಲಿತರೂ ಕಟ್ಟಬೇಕು, ಕಲೀದೇ ಇದ್ದರೂ ಕಟ್ಟಬೇಕು. ಇನ್ನೊಂದು ಮಾತು, ಮಾವನಿಗಿಂತ ಮೊದಲು ಮೆಷಿನ್ ಕಲಿತದ್ದು ಅತ್ತೆ! ಅಷ್ಟು ವರ್ಷ ಪಟ್ಟಿ ಹೆಣೀತಿದ್ದರೂ ಅವರ ಕೆಲಸ ಯಾವ ಲೆಕ್ಕದಲ್ಲೂ ಇರಲಿಲ್ಲ.

ದೊಡ್ಡ ಕಂಪನಿಗಳಲ್ಲಿ ಇದಕ್ಕೆ ಚೇಂಜ್ ಮ್ಯಾನೇಜ್‌ಮೆಂಟ್ ಅಂತ ಹೆಸರು. ಹೊಸದು ಬಂದಾಗ ಜನ ಅದಕ್ಕೆ ಹೊಂದಿಕೊಳ್ಳೋವರೆಗೂ ಬೀಳೋ ಖರ್ಚನ್ನ ಅವರು ಮೊದಲೇ ಎತ್ತಿಡ್ತಾರೆ. ನಮ್ಮಂಥ ಸಣ್ಣ ಕಸುಬಿಗೆ ಇದೆಲ್ಲ ಯಾಕೆ ಅನ್ನಬೇಡಿ. ನಮ್ಮ ಕಸುಬಲ್ಲೇ ಇದನ್ನ ಮಾಡಿ ತೋರಿಸಿದವರು ಇದ್ದಾರೆ.

ಬೆಳಗಾವಿ ಜಿಲ್ಲೆಯ ಅಥಣಿಯಲ್ಲಿ ಕೊಲ್ಹಾಪುರಿ ಚಪ್ಪಲಿ ಮಾಡೋರು ನಮ್ಮ ಹಾಗೇ ದಲಿತರು. ಸಾಲಕ್ಕೂ ಮಾರಾಟಕ್ಕೂ ದಲ್ಲಾಳಿಯನ್ನೇ ನಂಬಿಕೊಂಡಿದ್ದರು. 1990ರ ದಶಕದ ಕೊನೆಗೆ ಮಧುರಾ ಛತ್ರಪತಿಯವರು ಇದ್ದ ಬೆಂಗಳೂರಿನ ಅಸೆಂಟ್ ಸಂಸ್ಥೆ, ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಅಲ್ಲಿ ಕೆಲಸ ಶುರು ಮಾಡಿತು. ಹೆಂಗಸರ ಸ್ವಸಹಾಯ ಗುಂಪು ಕಟ್ಟಿದರು, ಅಳತೆ, ವಿನ್ಯಾಸ, ಲೆಕ್ಕ ಇಡೋದು ಕಲಿಸಿದರು. ಟೋಹೋಲ್ಡ್ ಅನ್ನೋ ಹೆಸರಲ್ಲಿ ಅವರ ಚಪ್ಪಲಿ ವಿದೇಶಕ್ಕೂ ಹೋಯ್ತು. ಹೆಂಗಸರ ಕೆಲಸವೂ ಲೆಕ್ಕಕ್ಕೆ ಬಂತು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಜಿಐ ಸಿಕ್ಕಿತಲ್ಲ, ಅದರಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ನಾಲ್ಕೂ ಇವೆ, ಬೆಳಗಾವಿಯೂ ಸೇರಿ.

ನಮಗೆ ಕಲಿಸೋದಕ್ಕೆ ಹೊರಗಿನವರು ತಾವಾಗೇ ಬರ್ತಾರೆ ಅಂತ ಕಾಯೋದು ಬೇಡ. ಬಾಬಾಸಾಹೇಬರು ವಿದೇಶದಲ್ಲಿ ಓದಿ ಬಂದು ಹಣ ಹೂಡಿಕೆಯ ಸಲಹೆ ಕೊಡೋ ವ್ಯವಹಾರ ಶುರು ಮಾಡಿದ್ದರು. ಜಾತಿ ಗೊತ್ತಾದ ಮೇಲೆ ಗಿರಾಕಿಗಳು ಬರಲಿಲ್ಲ. ಅವರ ಹತ್ತಿರ ಕಲಿಯೋದಕ್ಕೇ ಹಿಂಜರಿದ ಜನ, ನಮ್ಮ ಮಾವನಿಗೆ ಕಲಿಸೋದಕ್ಕೆ ಕೇರಿಗೆ ಬಂದು ಹನ್ನೆರಡು ದಿನ ಕೂರ್ತಾರಾ?

ತಮಿಳುನಾಡು ಸರ್ಕಾರ 2023ರಲ್ಲಿ ತಂದ ಅಣ್ಣಲ್ ಅಂಬೇಡ್ಕರ್ ತೊಳಿಲ್ ಮುನ್ನೋಡಿಗಳ್ ತಿಟ್ಟಂನಲ್ಲಿ ಶೇ. 35 ಸಬ್ಸಿಡಿ, ಬಡ್ಡಿಯಲ್ಲಿ ಶೇ. 6 ರಿಯಾಯಿತಿ ಇದೆ. ಇದಕ್ಕೆ ಅರ್ಜಿ ಹಾಕ್ತೀನಿ ಅಂತ ಬರೋ ಅಣ್ಣಂದಿರ ಕೈಯಲ್ಲಿ ಮೆಷಿನ್ ಅಂಗಡಿಯ ಬೆಲೆಪಟ್ಟಿ ಇರುತ್ತೆ, ಅಷ್ಟೇ. ಕಲಿಸೋರ ಕೂಲಿ ಎಷ್ಟು, ಕಲಿಯೋ ದಿನಗಳಲ್ಲಿ ಮನೆಗೆ ಅಕ್ಕಿ ಎಲ್ಲಿಂದ, ಇದನ್ನ ಯಾರೂ ಬರೆದಿರಲ್ಲ. ಅರ್ಜಿ ತುಂಬಿಸೋ ದಿನವೇ ಕೂತು ಇದನ್ನ ಕೇಳಿ ಬರೆಸೋಣ. ಬ್ಯಾಂಕು ಆ ಖರ್ಚಿಗೆ ಸಾಲ ಕೊಡದೇ ಇದ್ದರೆ, ಈ ಸಂಚಿಕೆಯ ಜಾಹೀರಾತಿನ ದುಡ್ಡಲ್ಲಿ ಒಂದು ಭಾಗ ಅದಕ್ಕೇ ತೆಗೆದಿಡೋಣ. ಮೂರು ನಾಲ್ಕು ತಿಂಗಳಲ್ಲಿ ವಾಪಸ್ ಕಟ್ಟಿದರೆ ಮುಂದಿನವರಿಗೆ ಕೊಡಬಹುದು.

ಆಂಬೂರು, ಹೊಸೂರು ಕಡೆ ಕಾರ್ಖಾನೆಗಳಲ್ಲಿ ಇರೋ ನಮ್ಮವರು ಪೊಂಗಲ್ ರಜೆಗೆ ಊರಿಗೆ ಬರ್ತಾರೆ. ಯಾರಿಗೆ ಯಾವ ಕೆಲಸ ಬರುತ್ತೆ ಅಂತ ಪಟ್ಟಿ ಮಾಡೋ ಜವಾಬ್ದಾರಿ ನನಗೆ ಕೊಡಿ. ಪಟ್ಟಿಯಲ್ಲಿ ಮೊದಲ ಹೆಸರು ಈಗಾಗಲೇ ಬರೆದಾಯ್ತು, ನಮ್ಮ ಅತ್ತೆಯದು. ದಿನಗೂಲಿ ಕೊಟ್ಟರೆ ಕಲಿಸ್ತೀನಿ ಅಂದಿದಾರೆ. ಕಲೀಬೇಕು ಅನ್ನೋರು ಊಟ ಆದ ಮೇಲೆ ನನ್ನ ಹತ್ತಿರ ಬಂದು ಹೆಸರು ಕೊಡಿ. ಜೈ ಭೀಮ್.