ತಂದೆಯ ಪಾಲು, ತಾಯಿಯ ಪಾಲು



ಇಂಗ್ಲೆಂಡಿನ ವಾರಿಂಗ್ಟನ್ ಪಟ್ಟಣದಲ್ಲಿ ಶಿಶುವೈದ್ಯರಾಗಿದ್ದ ಹ್ಯಾರಿ ಏಂಜಲ್ಮನ್ನರ ಬಳಿಗೆ ಬೇರೆ ಬೇರೆ ಕಾಲದಲ್ಲಿ ಬಂದ ಮೂವರು ಮಕ್ಕಳು ಮಾತು ಬಾರದವರಾಗಿಯೂ, ನಡೆಯಲು ತಡವರಿಸುವವರಾಗಿಯೂ, ಅಪಸ್ಮಾರಪೀಡಿತರಾಗಿಯೂ ಇದ್ದು, ಆದರೂ ಸದಾ ನಗುತ್ತಿದ್ದರು. ಮೂವರ ವ್ಯಾಧಿಯೂ ಒಂದೇ ಎಂದು ಅಂತರಂಗ ನುಡಿಯುತ್ತಿದ್ದರೂ ಪ್ರಮಾಣ ದೊರೆಯದೆ ಆ ವೈದ್ಯರು ಬರೆಯಲು ಹಿಂಜರಿದಿದ್ದರು. ಇಟಲಿಗೆ ವಿಹಾರಕ್ಕೆಂದು ಹೋದಾಗ, ವೆರೋನಾದ ಕಾಸ್ತೆಲ್‌ವೆಕ್ಕಿಯೋ ಚಿತ್ರಶಾಲೆಯಲ್ಲಿ, ಬೊಂಬೆಯ ಚಿತ್ರ ಹಿಡಿದು ನಗುವ ಬಾಲಕನನ್ನು ಕರೋಟೋ ಎಂಬ ಕಲಾವಿದ ಬರೆದಿದ್ದ ಪಟವನ್ನು ಕಂಡೊಡನೆ ಆ ಮೂವರೂ ಕಣ್ಮುಂದೆ ನಿಂತರು, ಸಂಕೋಚ ತೊಲಗಿತು, 1965ರಲ್ಲಿ ಲೇಖನ ಪ್ರಕಟವಾಯಿತು. ಆದರೆ ವೈದ್ಯಲೋಕ ಬಹುಕಾಲ ಅದಕ್ಕೆ ಕಿವಿಗೊಡಲಿಲ್ಲ.

ಶೈಶವದಲ್ಲಿ ಹಾಲು ಹೀರಲೂ ತ್ರಾಣವಿಲ್ಲದೆ, ಬಳಿಕ ತಣಿಯದ ಹಸಿವಿಗೆ ಈಡಾಗುವ ಮಕ್ಕಳನ್ನು ಸ್ವಿಟ್ಜರ್ಲೆಂಡಿನ ಪ್ರೇಡರ್, ಲಾಬ್‌ಹಾರ್ಟ್, ವಿಲ್ಲಿ ಎಂಬ ವೈದ್ಯರು 1956ರಲ್ಲಿಯೇ ವರ್ಣಿಸಿದ್ದರು. ಈ ಎರಡು ವ್ಯಾಧಿಗಳಿಗೆ ಏನು ಸಂಬಂಧ? 1980ರ ದಶಕದಲ್ಲಿ ಪರಿಶೀಲಿಸಿದಾಗ, ಎರಡರಲ್ಲಿಯೂ ಬಹುಮಟ್ಟಿಗೆ 15ನೆಯ ವರ್ಣತಂತುವಿನ ಅದೇ ಭಾಗ ಲುಪ್ತವಾಗಿತ್ತು! ತಂದೆಯಿಂದ ಬಂದ ಪ್ರತಿಯಲ್ಲಿ ಲೋಪವಾದರೆ ಪ್ರೇಡರ್-ವಿಲ್ಲಿ. ತಾಯಿಯಿಂದ ಬಂದುದರಲ್ಲಾದರೆ ಏಂಜಲ್ಮನ್. ಯಾರಿಂದ ಬಂದರೂ ಗುಣವೊಂದೇ ಎಂಬ ಮೆಂಡೆಲನ ಕಾಲದ ನಂಬಿಕೆ ಇಲ್ಲಿ ಸಲ್ಲಲಿಲ್ಲ. ತಾಯಿಯ ವರ್ಣತಂತುಗಳ ಎರಡು ಪ್ರತಿಗಳಿಂದಲೇ ಆಗಲಿ, ತಂದೆಯವುಗಳ ಎರಡು ಪ್ರತಿಗಳಿಂದಲೇ ಆಗಲಿ ಇಲಿಯ ಭ್ರೂಣ ಬೆಳೆದು ಪೂರ್ಣವಾಗದೆಂದು ಕೇಂಬ್ರಿಜ್ಜಿನ ಅಜೀಂ ಸುರಾನಿಯವರೂ ಅಮೆರಿಕದ ಮೆಕ್‌ಗ್ರಾತ್, ಸೋಲ್ಟರ್ ಅವರೂ 1984ರಲ್ಲಿಯೇ ತೋರಿಸಿದ್ದರು. ಕೆಲವು ಜೀನುಗಳು ದಾತೃವಿನ ಮುದ್ರೆಯನ್ನು ಹೊತ್ತೇ ಬರುತ್ತವೆ.

ನರಕೋಶಗಳಲ್ಲಿ ತಾಯಿಯ ಪ್ರತಿ ಮಾತ್ರ ದುಡಿಯುವ, ತಂದೆಯ ಪ್ರತಿ ಅಕ್ಷತವಾಗಿದ್ದರೂ ಮೌನವಾಗಿರುವ ಯುಬಿಇ3ಎ ಎಂಬ ಜೀನೇ ಏಂಜಲ್ಮನ್ ವ್ಯಾಧಿಯ ಮೂಲವೆಂದು 1997ರಲ್ಲಿ ಸಿದ್ಧವಾಯಿತು. ಏಂಜಲ್ಮನ್ನರು 1996ರಲ್ಲಿಯೇ ತೀರಿಕೊಂಡಿದ್ದರು. ಆ ಒಂದು ವರ್ಷದ ಅಂತರವನ್ನು ನೆನೆದಾಗಲೆಲ್ಲ ನನಗೆ ವ್ಯಥೆಯಾಗುತ್ತದೆ.

ಈ ಮೌನವನ್ನು ಅರಿಯಲು ಜೀವಂತ ಮಿದುಳನ್ನು ತೆರೆದು ಪರೀಕ್ಷಿಸುವುದೆಂತು? ಚರ್ಮದ ಕೋಶವನ್ನು, ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಆಕರಕೋಶವಾಗಿ ಮಾರ್ಪಡಿಸುವ ವಿಧಾನವನ್ನು ಜಪಾನಿನ ಯಮನಾಕ ಅವರು ಕಂಡುಕೊಟ್ಟ ಮೇಲೆ, ಕನೆಕ್ಟಿಕಟ್‌ನ ಸ್ಟಾರ್ಮಿ ಚೇಂಬರ್ಲೇನ್, ಮಾರ್ಕ್ ಲಾಲಾಂಡ್ ಮತ್ತು ಸಂಗಡಿಗರು 2010ರಲ್ಲಿ ರೋಗಿಗಳ ಕೋಶಗಳಿಂದಲೇ ನರಕೋಶಗಳನ್ನು ಬೆಳೆಸಿದರು. ತಂದೆಯ ಪ್ರತಿ ಮೌನವಾಗುವುದನ್ನು ಗಾಜಿನ ತಟ್ಟೆಯಲ್ಲಿಯೇ ಕಂಡರು. ಮೌನಕ್ಕೆ ಕಾರಣ ಎದುರುದಿಕ್ಕಿನಿಂದ ಹೊರಡುವ ಒಂದು ಆರ್‌ಎನ್‌ಎ. ಅದರ ಮೂಲವನ್ನು ಜೀನ್ ಕತ್ತರಿಯಿಂದ ತಡೆದು, ತಂದೆಯ ಪ್ರತಿಯನ್ನು ಇಲಿಗಳಲ್ಲಿ ಎಚ್ಚರಗೊಳಿಸಿದ್ದನ್ನು ಉತ್ತರ ಕೆರೊಲಿನಾದ ಜಿಲ್ಕಾ ಬಳಗ 2020ರಲ್ಲಿ ಪ್ರಕಟಿಸಿತು.

ಇಲಿಗೆ ಫಲಿಸಿದ್ದೆಲ್ಲ ಮನುಷ್ಯನಿಗೆ ಫಲಿಸೀತೆಂದು ಹೇಳಲಾಗದು. ಆದರೂ ಮಗುವಿನ ಒಂದೊಂದು ನರಕೋಶದಲ್ಲಿಯೂ ಆರೋಗ್ಯವಂತ ಜೀನೊಂದು ಇದ್ದೇ ಇದೆಯೆಂದು ತಿಳಿದ ಮೇಲೆ, ಇಂಥ ವ್ಯಾಧಿಗಳನ್ನು ವಿಧಿಲಿಖಿತವೆಂದು ಕೈಚೆಲ್ಲುವ ಅಧಿಕಾರ ನಮಗಾರಿಗೂ ಉಳಿದಿಲ್ಲ.