ಇದು ಹುಚ್ಚಲ್ಲ, ಮುಟ್ಟು ನಿಲ್ಲುವ ಕಾಲ
(ಬನಶಂಕರಿಯಲ್ಲಿ ಸಂಘದ ಸಭೆಯಲ್ಲಿ ಆಡಿದ ಮಾತು)



ನನಗೀಗ 46. ಹೋದ ವರ್ಷ ಸಂಘದ ಉಳಿತಾಯದ ಲೆಕ್ಕ ಮೂರು ಸಲ ಕೂಡಿದರೂ ತಪ್ಪುತ್ತಿತ್ತು. ನಡುರಾತ್ರಿ ಬೆವತು, ಸೀರೆ ಒದ್ದೆಯಾಗಿ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಬೆಳಿಗ್ಗೆ ಸಣ್ಣದಕ್ಕೂ ಸಿಟ್ಟು, ಅಳು. ‘ನಿನಗೆ ಹುಚ್ಚು, ತವರಿಗೆ ನಡಿ’ ಎಂದರು ಮನೆಯವರು. ಹುಚ್ಚೇ ಇರಬೇಕೆಂದು ನಾನೂ ನಂಬಿದ್ದೆ.

ಸಂಘದ ಗೆಳತಿಯೊಬ್ಬಳು ಜಯನಗರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರಮ್ಮ ಬಿಡಿಸಿ ಹೇಳಿದರು: ಮುಟ್ಟು ನಿಲ್ಲುವ ಮೊದಲಿನ ಕೆಲವು ವರ್ಷ ಈಸ್ಟ್ರೋಜೆನ್ ಎಂಬ ಹಾರ್ಮೋನು ಏರಿಳಿಯುತ್ತದೆ. ಅದರಿಂದ ಬೆವರು, ಮನಸ್ಸಿನ ಏರುಪೇರು. ನಿದ್ದೆ ಕೆಟ್ಟರೆ ಮರೆವು ಹೆಚ್ಚುತ್ತದೆ. ರಕ್ತಹೀನತೆ, ಥೈರಾಯ್ಡ್ ತೊಂದರೆಯೂ ಹೀಗೇ ಕಾಡಬಹುದು, ಪರೀಕ್ಷೆ ಮಾಡಿಸಬೇಕು. ಎಲ್ಲಕ್ಕೂ ಚಿಕಿತ್ಸೆಯಿದೆ.

ಆದರೆ ನಮ್ಮ ಮೈಯ ಬದಲಾವಣೆ ಯಾರ ಬೈಗುಳಕ್ಕೂ ಹೊಡೆತಕ್ಕೂ ನೆಪವಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅವಮಾನದ ಮಾತೂ ಹಿಂಸೆಯೇ. ಗಂಡನ ಮನೆಯಲ್ಲಿ ವಾಸಿಸುವ ಹಕ್ಕೂ ನಮಗಿದೆ. ಮನಸ್ಸು ಕುಗ್ಗಿದರೆ ಟೆಲಿ ಮಾನಸ್‌ನ 14416ಕ್ಕೆ, ಹಿಂಸೆಯಾದರೆ 181ಕ್ಕೆ ಫೋನ್ ಮಾಡಿ.

ಇನ್ನು ಮೇಲೆ ವಾರದ ಸಭೆಯಲ್ಲಿ ಸಾಲದ ಕಂತಿನ ಜೊತೆಗೆ, ‘ರಾತ್ರಿ ನಿದ್ದೆ ಬಂತೇನಮ್ಮಾ?’ ಎಂದೂ ಒಬ್ಬರನ್ನೊಬ್ಬರು ಕೇಳೋಣ.